ಒಪ್ಪದ ಮಾತಿನ ಪರವಾಗಿ

ಮೇಡಂಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಯಾರು ಮಾತಾಡಿದರೂ ಕತ್ತು ಹೊರಳಿಸಿ, ಬಲಗಿವಿಯನ್ನು ಅವರತ್ತ ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿದ್ದರು. ಕಾಟನ್ ಸೀರೆ, ಕೆಳಗೆ ಬಿಳಿ ರನ್ನಿಂಗ್ ಶೂ. ಮೈಸೂರಿನ ಲಾ ಕಾಲೇಜಿನಲ್ಲಿ ಅಮೆರಿಕದ ಸಂವಿಧಾನ ಪಾಠ ಮಾಡಿ ನಿವೃತ್ತರಾದ ಮೇಲೆ ಮಗಳ ಜೊತೆ ಇರಲು ಮೆಲ್ಬೋರ್ನ್‌ನ ಗ್ಲೆನ್ ವೇವರ್ಲಿಗೆ ಬಂದಿದ್ದರು.

ಭಾನುವಾರ ನಮ್ಮ ಕನ್ನಡ ಕೂಟದ ಮಕ್ಕಳನ್ನು ಹಾಲ್‌ನಲ್ಲಿ ಕೂರಿಸಿಕೊಂಡು ಆ ಕಥೆಗಳನ್ನೇ ಹೇಳುತ್ತಿದ್ದರು. ಅಲ್ಲಿ ಮೊದಲು ಬರೆದ ಸಂವಿಧಾನದಲ್ಲಿ ಜನರ ಹಕ್ಕುಗಳ ಪಟ್ಟಿಯೇ ಇರಲಿಲ್ಲವಂತೆ. ಜಗಳವಾಡಿ ಸೇರಿಸಿಕೊಂಡ ಮೇಲೂ ಗುಲಾಮರು ಎಷ್ಟೋ ಕಾಲ ಹೊರಗೇ ಉಳಿದರಂತೆ, ಹೆಂಗಸರಿಗೆ ಓಟು ಇನ್ನೂ ತಡವಾಗಿ ಬಂತಂತೆ. ಯುದ್ಧ ಬೇಡವೆಂದು ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಶಾಲೆಗೆ ಹೋಗಿ, ಅವರು ಹೊರಗೆ ಕಳಿಸಿದಾಗ ಕೋರ್ಟಿಗೆ ಹೋಗಿ ಗೆದ್ದ ಹುಡುಗಿಯ ಕಥೆ ನನ್ನ ಮಗಳಿಗೆ ಬಾಯಿಪಾಠವಾಗಿತ್ತು. ಅವಳು ಇಂಗ್ಲಿಷಿನಲ್ಲಿ ಕೇಳಿದರೆ ಮೇಡಂ ಕನ್ನಡದಲ್ಲೇ ಉತ್ತರಿಸುತ್ತಿದ್ದರು. "ಹಕ್ಕು ಬರೆದಿಟ್ರೆ ಸಾಲ್ದು ಪುಟ್ಟಿ, ಯಾರಾದ್ರೂ ಹೋಗಿ ಕೇಳ್ಬೇಕು" ಎನ್ನುವರು.

ಊರಿನ ಇನ್ನೊಂದು ತುದಿಯ ಕ್ರೇಗಿಬರ್ನ್‌ನಿಂದ ಬರುತ್ತಿದ್ದ ಐಟಿ ಹುಡುಗನೊಬ್ಬನಿಗೆ ಇದು ಹಿಡಿಸಲಿಲ್ಲ. ಅಮೆರಿಕದ ಪುರಾಣ ಬಿಟ್ಟು ಕಾಗುಣಿತ ಕಲಿಸಲಿ ಎಂದು ವಾಟ್ಸಾಪ್ ಗ್ರೂಪ್‌ನಲ್ಲಿ ಮೇಡಂ ಅವರನ್ನು ಗೇಲಿ ಮಾಡಿದ. ಆಮೇಲೆ, ಕಾರ್ಯಕ್ರಮಗಳನ್ನೆಲ್ಲ ನಾಲ್ಕು ಮನೆಯವರೇ ಹಂಚಿಕೊಳ್ಳುತ್ತಾರೆ ಎಂದು ಸಮಿತಿಯ ಮೇಲೂ ಬರೆದ. ಅವನನ್ನು ಕೂಟದಿಂದ ತೆಗೆಯಲು ಸಭೆ ಸೇರಿತು. ಅವನು ಬಾಗಿಲಲ್ಲೇ ನಿಂತಿದ್ದ. ಮಾತಾಡಲು ಬಿಡುವುದಿಲ್ಲ ಎಂದ ಅಧ್ಯಕ್ಷರು, ತೆಗೆಯಬೇಕೆನ್ನುವವರು ಕೈ ಎತ್ತಿ ಎಂದರು.

ಮೇಡಂ ಎದ್ದರು. ಸಿಟ್ಟು ತೀರಿಸಿಕೊಳ್ಳುತ್ತಾರೆ ಎಂದುಕೊಂಡೆವು.

"ಅವನು ಬರೆದಿದ್ದು ನಂಗೆ ಒಂಚೂರೂ ಹಿಡಿಸಿಲ್ಲ, ತುಂಬಾ ನೋವಾಯ್ತು. ಆದ್ರೆ ಅವನ ಮಾತು ಕೇಳ್ದೆ ಹೊರಗೆ ಹಾಕಿಬಿಟ್ರೆ, ಮುಂದಿನ ಭಾನುವಾರ ಮಕ್ಕಳಿಗೆ ನಾನೇನು ಹೇಳ್ಲಿ?"

ಅಧ್ಯಕ್ಷರು ತಲೆ ತಗ್ಗಿಸಿ ಅವನನ್ನು ಒಳಗೆ ಕರೆದರು. ತಡವರಿಸುತ್ತ ಮಾತಾಡಿದ. ಕೆಲವು ಮಾತು ತಪ್ಪಾಗಿದ್ದವು, ಕೆಲವು ನಿಜವೇ ಇದ್ದವು. ಮತ್ತೆ ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಮುಂದಿನ ವಾರ ಅವನು ಮಕ್ಕಳ ಹಿಂದೆ ಕೂತು ಪಾಠಕ್ಕೇ ತಕರಾರು ತೆಗೆದ. ಮೇಡಂ ಅಷ್ಟು ಹುರುಪಿನಿಂದ ವಾದಿಸಿದ್ದನ್ನು ನಾನು ಕಂಡಿರಲಿಲ್ಲ.

ಮೇಡಂ ಮಗಳಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿನ ಹ್ಯಾರಿಸ್ ಪಾರ್ಕಿಗೆ ಹೋದರು. ಕಳೆದ ಚಳಿಗಾಲ ಮೇಡಂ ಅಲ್ಲೇ ತೀರಿಕೊಂಡರು. ನಾನು ವಿಮಾನ ಹಿಡಿದು ಹೋಗುವಷ್ಟರಲ್ಲಿ ಆ ಐಟಿ ಹುಡುಗ ಮೆಲ್ಬೋರ್ನ್‌ನಿಂದ ಕಾರು ಓಡಿಸಿಕೊಂಡು ಬಂದು ತಲುಪಿದ್ದ. ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ಬಂದು ನಿಂತ.

"ಪ್ರತಿ ವಾರ ಫೋನ್ ಮಾಡ್ತಿದ್ರು ಅಣ್ಣ. ಕೊನೇವರ್ಗೂ ನಾವಿಬ್ರೂ ಒಂದು ವಿಷಯದಲ್ಲೂ ಒಪ್ಲಿಲ್ಲ" ಎಂದವನು ಮುಖ ಆ ಕಡೆ ತಿರುಗಿಸಿಕೊಂಡ.