ಗೊರೇಬಾಳದ ಟಿಕೆಟ್

“ಗೊ... ಗೊ... ಗೊ...” ಎಂದು ಮಗಳು ಕಂಡಕ್ಟರ್ ಎದುರು ಉಗ್ಗಿದಾಗ ನನ್ನ ಎದೆ ಧಸಕ್ಕೆಂದಿತು. ಮಸ್ಕಿಯಿಂದ ಸಿಂಧನೂರಿಗೆ ಹೊರಟ ಬಸ್ಸದು. ಚಿಕ್ಕಂದಿನಿಂದ ಉಗ್ಗುವವನು ನಾನು. ಅವಳದು ಅರಳು ಹುರಿದಂಥ ಮಾತು. ಸಾಲದ್ದಕ್ಕೆ, ಉಗ್ಗುವವರಿಗೆ ನೆರವಾಗುವ ಸ್ಪೀಚ್ ಥೆರಪಿಯನ್ನೇ ಓದುತ್ತಿದ್ದಾಳೆ.

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. “ಗೊರೇಬಾಳೇನವಾ?” ಎಂದು ಕಂಡಕ್ಟರ್ ಅವಳ ಮಾತನ್ನು ತಾನೇ ಮುಗಿಸಿದ. ಅವಳು ಸುಮ್ಮನೆ ತಲೆಯಾಡಿಸಿ ಪಾರಾಗಲಿಲ್ಲ. ಅವನ ಮುಖವನ್ನೇ ನೋಡುತ್ತ, ಉಗ್ಗುತ್ತಲೇ ಊರಿನ ಹೆಸರು ಪೂರ್ತಿ ಹೇಳಿದಳು.

ನನ್ನನ್ನು ಅಣಕಿಸಿದಳೆಂದು ಸಿಟ್ಟು ನೆತ್ತಿಗೇರಿತು. ಬೈಯಲೆಂದು ತಿರುಗುವಷ್ಟರಲ್ಲಿ ಅವಳೇ ನನ್ನ ಕಿವಿಯ ಹತ್ತಿರ ಬಾಗಿದಳು.

“ಮಂದಿ ಮುಂದ ಬೇಕಂತ ಉಗ್ಗಿ ನೋಡ್ರಿ, ಅಂದ್ರ ಉಗ್ಗೋರ ಸಂಕಟ ತಿಳೀತದ ಅಂತ ನಮ್ಮ ಮೇಡಂ ಹೇಳ್ಯಾರಪ್ಪ. ಒಂದ ಸಲಕ್ಕ ನನ್ನ ಕಿವಿ ಸುಟ್ಟಂಗಾತು. ನೀ ದಿನಾ ಹೆಂಗ ತಡ್ಕೊಂಡಿ?”

ಅವಳಿಗೂ ಹೇಳದ ಗುಟ್ಟೊಂದಿತ್ತು. ‘ಗೊ’ ಬಾಯಿಂದ ಹೊರಡುವುದಿಲ್ಲವೆಂದು ನಾನು ಇಷ್ಟು ವರ್ಷವೂ ಸಿಂಧನೂರಿಗೇ ಟಿಕೆಟ್ ತೆಗೆದು, ನಡುವೆ ನಮ್ಮೂರು ಗೊರೇಬಾಳದಲ್ಲಿ ಇಳಿದುಬಿಡುತ್ತಿದ್ದೆ. ಮಗಳು ತನಗೊಂದೇ ಟಿಕೆಟ್ ತೆಗೆದಿದ್ದಳು; ಅಷ್ಟರಲ್ಲಿ ಕಂಡಕ್ಟರ್ ನನ್ನತ್ತ ತಿರುಗಿದ. ಐದಾರು ಸಲ ‘ಗೊ’ ಎಂದೆ. ಈ ಸಲ ಅವನು ಬಾಯಿ ಹಾಕದೆ ಕಾದ. ಗೊರೇಬಾಳದ ಟಿಕೆಟ್ ಮೊದಲ ಬಾರಿಗೆ ನನ್ನ ಕೈಗೆ ಬಂತು.

ಈಗ ಮಗಳು ಏನು ಓದುತ್ತಾಳೆಂದು ಯಾರೇ ಕೇಳಲಿ, ಉಗ್ಗುತ್ತಲೇ ಪೂರ್ತಿ ಹೇಳುತ್ತೇನೆ. ಕೇಳಿದವರು ಕಾಯಲಿ.