ಮೂಲೆಮೇಜು ಹಿಡಿದಿಟ್ಟ ಮೇಲ್

ದೆವ್ವ, ಗಾಳಿ ಎಂಬ ಮಾತನ್ನು ನಾನು ಯಾವತ್ತೂ ನಂಬಿದವನಲ್ಲ. ಕೆಂಚನಗುಡ್ಡದ ಹಾಳುಗೋಡೆಗಳ ಮಗ್ಗುಲಲ್ಲಿ ಭತ್ತದ ಗದ್ದೆ ಕಾಯುತ್ತಾ ವರ್ಷಗಟ್ಟಲೆ ಮಲಗಿದವನು. ಸೊಳ್ಳೆ ಬಿಟ್ಟು ಬೇರೆ ಯಾರೂ ನನ್ನನ್ನು ಕಾಡಲಿಲ್ಲ. ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವನಿಗೆ ಬರೆಯುವ ಹುರುಪು ಹುಟ್ಟಿಸಿದ್ದು ನನ್ನ ಮೊಮ್ಮಗಳು. ಈಗ ತಾನೇ ನನ್ನ ಮೀಸೆ ಹಿಡಿದು ಜಗ್ಗಿ ಓಡಿಹೋದಳು! ಅವಳು ಹೀಗೆ ಓಡುವುದನ್ನು ಕಂಡಾಗಲೆಲ್ಲ ಎದೆ ತುಂಬಿ ಬರುತ್ತದೆ, ಹಿಂದೆಯೇ ಆ ಭಾನುವಾರ ನೆನಪಾಗಿ ಬೆನ್ನು ತಣ್ಣಗಾಗುತ್ತದೆ.

ಕೂಸು ಹುಟ್ಟಿದ್ದು ಸೊಸೆಯ ತವರು ಕುರುಗೋಡಿನಲ್ಲಿ. ಹೆಸರಿಡುವ ಮೊದಲೇ ಜ್ವರ ಏರಿ ಬಳ್ಳಾರಿಯ ಆಸ್ಪತ್ರೆಗೆ ಸೇರಿಸಿದೆವು. ಕೊಟ್ಟ ಔಷಧ ನಾಟಲಿಲ್ಲ. ಯಾವುದು ನಾಟುತ್ತದೆಂದು ಹೇಳುವ ರಕ್ತದ ವರದಿ ದೂರದ ಊರಿನಿಂದ ನನ್ನ ಮಗ ಕೆಲಸ ಮಾಡುವ ಲ್ಯಾಬಿಗೆ ಇ-ಮೇಲ್‌ನಲ್ಲಿ ಬರಬೇಕಿತ್ತು.

"ನಾ ಕೂಸಿನ್ನ ಬಿಟ್ಟು ಬರಂಗಿಲ್ಲಪ್ಪಾ. ನೀ ಹೋಗಿ ಸೀಲ್ ಹಾಕಿಸ್ಕಂಡು ಕಾಗದ ತಗಂಡು ಬಾ" ಎಂದು ಮಗ ಅಟ್ಟಿದ.

ಲ್ಯಾಬಿನಲ್ಲಿ ರಜಿಯಾ ಎಂಬ ಹುಡುಗಿ ಒಬ್ಬಳೇ ಇದ್ದಳು. ಅಲ್ಲಿಯ ಮೇಲ್‌ಗಳೆಲ್ಲ ಒಳಕೋಣೆಯ ದೊಡ್ಡ ಕಂಪ್ಯೂಟರಿನಲ್ಲಿ ಒಂದೇ ಕಡೆ ಇರುತ್ತವೆ. ಎಲ್ಲ ಮೇಜಿನಿಂದಲೂ ನೋಡಬಹುದು. ಆದರೆ ಒಬ್ಬರು ತೆರೆದರೆ ಉಳಿದವರಿಗೆ ಬೀಗ. ಅದಕ್ಕೇ ನೋಡಿ ಮುಗಿಸಿದವರು "ಬಿಟ್ಟೀನಿ!" ಎಂದು ಕೂಗುವುದು ಅಲ್ಲಿ ರೂಢಿ.

ಅವತ್ತು ಬೀಗ ಬಿದ್ದಿತ್ತು.

"ಮೂಲಿ ಮೇಜಿನವರು ತೆಗದಾರ ಅಂತ ತೋರಸ್ತೈತಿ ತಾತ" ಎಂದ ರಜಿಯಾಳ ದನಿ ಸಣ್ಣಗಾಯಿತು. ಮೂಲೆಯಲ್ಲಿ ಮೇಜಿತ್ತು, ಕುರ್ಚಿಯಿತ್ತು, ಕಂಪ್ಯೂಟರ್ ಇರಲಿಲ್ಲ. ಅಲ್ಲಿ ಕೂರುತ್ತಿದ್ದ ಗಂಗಮ್ಮ ತೀರಿಕೊಂಡ ಮೇಲೆ ಅದನ್ನು ಬಿಚ್ಚಿ ಒಯ್ದಿದ್ದರು.

"ಹಳೇ ಬೀಗ ಉಳಕಂಡಿರಬೇಕವ್ವಾ."

"ಇಲ್ರೀ ತಾತ, ಮುಂಜಾನಿ ನಾನ ತೆಗದು ನೋಡೀನಿ."

ಬಲವಂತವಾಗಿ ತೆರೆದರೆ ಮೇಲ್‌ಗಳೆಲ್ಲ ಕೆಟ್ಟಾವೆಂದು ಅವಳಿಗೆ ಭಯ. ಕಳಿಸುವವರು ಫೋನ್ ಎತ್ತಲಿಲ್ಲ. ದೊಡ್ಡ ಕಂಪ್ಯೂಟರನ್ನು ಆರಿಸಿ ಹಚ್ಚಿದಳು, ಮತ್ತೆ ಮೂಲೆಮೇಜೇ. ಅಷ್ಟರಲ್ಲಿ ಮಗನ ಫೋನ್: "ಕೂಸು ಹಾಲು ಕುಡಿವಲ್ದಪ್ಪಾ. ಲಗೂನ ಬಾ."

ನನಗೆ ಏನು ತೋಚಿತೋ ಕಾಣೆ. ಆ ಕುರ್ಚಿಯ ಕಡೆ ಕೈಮುಗಿದು, "ಗಂಗಮ್ಮಾ, ನಮ್ಮ ಕೂಸಿಂದೈತಿ ತಾಯಿ, ಬಿಡವ್ವಾ" ಎಂದೆ.

"ಅಯ್ಯೋ ತಾತ, ಮಾತಾಡಿಸಬ್ಯಾಡ್ರಿ!" ರಜಿಯಾ ನನ್ನ ತೋಳು ಹಿಡಿದಳು. ಹಿಡಿದ ಕೈ ಸಡಿಲುವ ಮೊದಲೇ ಪರದೆಯ ಮೇಲೆ ಮೇಲ್‌ಗಳು ತೆರೆದುಕೊಂಡವು.

ವರದಿ ಬಂದಿತ್ತು. ಬಂದ ಹೊತ್ತು ನೋಡಿದರೆ, ನಾನು ಒಳಗೆ ಕಾಲಿಟ್ಟ ಮೇಲೆಯೇ. ಓದದ ಮೇಲ್ ದಪ್ಪ ಅಕ್ಷರದಲ್ಲಿರುತ್ತದಂತೆ, ಇದು ತೆಳ್ಳಗಿತ್ತು.

"ತಾತ, ಇದನ್ನ ಯಾರೋ ಆಗಲೇ ಓದ್ಯಾರ."

ಕಾಗದ ಹಿಡಿದು ಓಡಿದೆ. ಔಷಧ ಬದಲಾಯಿತು, ನನ್ನ ಬಂಗಾರ ಉಳಿಯಿತು! ಆಮೇಲೆ ಬಂದ ರಿಪೇರಿಯವನು, ಬಿಚ್ಚಿದ ಕಂಪ್ಯೂಟರಿನ ಬೀಗ ಉಳಿಯುವುದುಂಟು, ಆದರೆ ಇಲ್ಲದ ಕಂಪ್ಯೂಟರ್ ಹೊಸದಾಗಿ ಬೀಗ ಹಾಕಿದ್ದನ್ನು ಕಂಡಿಲ್ಲ ಎಂದು ತಲೆ ಕೆರೆದುಕೊಂಡ.

ಗಂಗಮ್ಮನಿಗೆ ಮಕ್ಕಳಿರಲಿಲ್ಲ. ಸೊಸೆ ಬಸುರಿಯಾದಾಗಿನಿಂದ ಸಾಯುವ ತನಕ ದಿನಾ ಕೂಸಿನ ಬಗ್ಗೆ ನನ್ನ ಮಗನನ್ನು ವಿಚಾರಿಸುತ್ತಿದ್ದಳಂತೆ. ಅವಳು ನಮ್ಮ ಕೂಸಿಗಾಗಿ ಮರುಗಿ ಆ ವರದಿ ಓದುತ್ತಿದ್ದಳೋ, ಕೂಸನ್ನು ತನ್ನ ಕಡೆ ಕರೆದುಕೊಳ್ಳಲು ತಡೆದಿಟ್ಟಿದ್ದಳೋ? ಹಿರಿಯರಿಗೆ ಎಡೆ ಇಡುವ ದಿನ ಅವಳಿಗೂ ಒಂದು ತುತ್ತು ಇಡೋಣವೆನಿಸುತ್ತದೆ. ಇಟ್ಟರೆ ಮನೆಗೆ ಕರೆದಂತಾದೀತೆಂದು ಕೈ ಹಿಂದೆ ಸರಿಯುತ್ತದೆ.