ತರ್ಕದ ತರಗತಿಯಲ್ಲಿ ಅತ್ತೆ

ಅತ್ತೆ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಗಂಡ ತೀರಿಹೋದ ಮೇಲೆ ಒಂಟಿಯಾಗಿ ಹೊಲಿಗೆ ಅಂಗಡಿ ನಡೆಸಿ, ತೋಳು ಗಿಡ್ಡವಾಯಿತೆಂದು ಜಗಳಕ್ಕೆ ಬಂದವರಿಗೆ ಅವರ ಕೈಯೇ ಉದ್ದವೆಂದು ಒಪ್ಪಿಸಿ ಕಳಿಸಿದ ಹೆಂಗಸು. ಸೂಜಿಗೆ ದಾರ ಪೋಣಿಸಲಾಗದಷ್ಟು ಕಣ್ಣು ಮಂಜಾದಾಗ ಅಂಗಡಿ ಮುಚ್ಚಿ, ಹೊಲಿಗೆ ಯಂತ್ರದ ಸಮೇತ ಮಗಳ ಮನೆ ಸೇರಿದಳು.

ಅಳಿಯ ಒಂದು ಸಣ್ಣ ಕ್ರೈಸ್ತ ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಮನೆಯೂ ಕಾಲೇಜಿನದೇ: ಎರಡು ಕೋಣೆ, ಪ್ರಾರ್ಥನಾಮಂದಿರದ ಗೋಡೆಗೆ ತಾಗಿಕೊಂಡ ಅಡುಗೆಮನೆ. ಕಾಲೇಜು ಎಷ್ಟು ಸಣ್ಣದೆಂದರೆ, ಚರಿತ್ರೆಯ ಮೇಷ್ಟ್ರು ಕೆಮ್ಮಿದರೆ ರಸಾಯನಶಾಸ್ತ್ರದವರು ಪಾಠ ನಿಲ್ಲಿಸಿ ಔಷಧಿ ಹೇಳುತ್ತಿದ್ದರು. ಸಾಹಿತ್ಯ, ಸಂಗೀತ, ಗಣಿತ, ಬೈಬಲ್ ಎಲ್ಲವನ್ನೂ ಅಷ್ಟಷ್ಟು ಕಲಿತರೆ ಮನುಷ್ಯ ಪೂರ್ಣನಾಗುತ್ತಾನೆ ಎಂಬುದು ಅಲ್ಲಿಯ ನಂಬಿಕೆ. ಪೂರ್ಣರಾಗಲು ಬರುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದರು.

ಪ್ರಿನ್ಸಿಪಾಲರು ಪಾದ್ರಿಗಳೂ ಹೌದು. ಕೆಟ್ಟ ಸುದ್ದಿಯನ್ನು ಪ್ರಾರ್ಥನೆ ಮುಗಿಸಿಯೇ ಹೇಳುವವರು. ಆರು ಜನ ಸೇರದಿದ್ದರೆ ವಿಷಯ ರದ್ದು, ವಿಷಯ ರದ್ದಾದರೆ ಮೇಷ್ಟ್ರಿಗೆ ಕೆಲಸವೂ ಇಲ್ಲ, ಮನೆಯೂ ಇಲ್ಲ ಎಂದು ಆ ವರ್ಷ ಕಡ್ಡಿ ಮುರಿದಂತೆ ಹೇಳಿದರು. ಸೇರಿದ್ದವರು ಐದು. ಆದರೆ ಸಿಬ್ಬಂದಿಯ ಮನೆಯವರು, ಓದು ಎಷ್ಟೇ ಇರಲಿ, ಯಾವ ತರಗತಿಗಾದರೂ ಪುಕ್ಕಟೆ ಸೇರಬಹುದೆಂಬ ನಿಯಮವೊಂದಿತ್ತು. ಮಗಳಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ. ಉಳಿದವಳು ಅತ್ತೆ.

"ವಾದ ಮಾಡೋದು ಕಲಿಸ್ತಾರಂತೆ. ನನಗೆ," ಎಂದು ಅತ್ತೆ ಗೋಡೆಗೆ ಹೇಳಿದಳು. ಮಾರನೆಯ ದಿನ ಮುಂದಿನ ಬೆಂಚಿನಲ್ಲಿ ಕೂತಿದ್ದಳು.

ವಿದ್ಯಾರ್ಥಿಯಾದ ಮೇಲೆ ಬೆಳಗಿನ ಪ್ರಾರ್ಥನೆಯೂ ಕಡ್ಡಾಯ. ಅತ್ತೆ ತಪ್ಪದೆ ಹೋಗಿ, ಅರ್ಧ ಕಣ್ಣು ಮುಚ್ಚಿ, ಹಾಡುವವರ ನಿಲುವಂಗಿಗಳನ್ನು ಮನಸ್ಸಿನಲ್ಲೇ ಬಿಚ್ಚಿ ಸರಿಯಾಗಿ ಹೊಲಿಯುತ್ತಿದ್ದಳು. ದೇವರು ಇದನ್ನು ಏನೆಂದು ತಿಳಿದನೋ ಗೊತ್ತಿಲ್ಲ. ಕಾಲೇಜು ಮಾತ್ರ ಅದನ್ನು ಹಾಜರಿ ಎಂದೇ ಬರೆದುಕೊಂಡಿತು.

ಮೊದಲ ಪರೀಕ್ಷೆಯ ಪ್ರಶ್ನೆ ಹೀಗಿತ್ತು: "ಪಾದ್ರಿಗಳೆಲ್ಲ ಒಳ್ಳೆಯವರು. ಈತ ಒಳ್ಳೆಯವನು. ಆದ್ದರಿಂದ ಈತ ಪಾದ್ರಿ. ಸರಿಯೋ ತಪ್ಪೋ ವಿವರಿಸಿ." ಅತ್ತೆ ಬರೆದಳು: "ತಪ್ಪು. ನಮ್ಮೂರಿನ ಪಾದ್ರಿಯನ್ನು ನಾನು ನೋಡಿದ್ದೇನೆ."

ಸೊನ್ನೆ ಬಂತು.

"ತಪ್ಪು ಅಂತ ಬರ್ದಿದ್ದು ಸರಿ ತಾನೆ ಅಳಿಯಂದ್ರೇ?" ಎಂದು ಮನೆಯಲ್ಲಿ ಕೇಳಿದಳು.

"ಸರಿ. ಆದ್ರೆ ಅದು ತಪ್ಪಾಗಿರೋದು ನಿಮ್ಮೂರಿನ ಪಾದ್ರಿಯಿಂದ ಅಲ್ಲ."

"ಅಳಿಯ ಅಲ್ಲ, ಮಗಳ ಗಂಡ. ಹೆಂಗಾದ್ರೇನು?"

"ಹೆಂಗೆ ಅನ್ನೋದಕ್ಕೇ ಅಂಕ."

ಆಮೇಲೆ ಕೆಲವು ದಿನ ಅತ್ತೆ ಬಡಿಸಿದಳೇ ಹೊರತು ಮಾತಾಡಲಿಲ್ಲ. ಕೋಪ ಎಂದು ಮಗಳು ತಿಳಿದಳು. ನಿಜವಾಗಿ ಅದು ಅವಮಾನ. ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲೇ ಅವಳನ್ನು ಶಾಲೆ ಬಿಡಿಸಿ ಯಂತ್ರದ ಮುಂದೆ ಕೂರಿಸಿದ್ದರು. ಪಾಸು ಎಂಬ ಮಾತನ್ನು ಅವಳಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಒಂದು ದಿನ ಯಂತ್ರಕ್ಕೆ ಮುಸುಕು ಹಾಕಿ ಪುಸ್ತಕ ತೆರೆದಳು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಬಾಯಿ ಬಿಡುವುದೇ ಕಷ್ಟವಾಯಿತು. "ಗಂಡಸರೇ ಇಷ್ಟು" ಎಂದು ಮಗಳು ಗೊಣಗಿದರೆ, "ಎಲ್ಲಾ ಗಂಡಸರೋ, ಕೆಲವು ಗಂಡಸರೋ?" ಎಂದು ಕೋಣೆಯೊಳಗಿಂದ ಕೇಳಿಬರುತ್ತಿತ್ತು.

ಕೊನೆಯ ಪರೀಕ್ಷೆ ಹತ್ತಿರ ಬಂದಾಗ ಮುಂದಿನ ವರ್ಷಕ್ಕೂ ಸೇರಿದವರು ಐದೇ ಎಂದು ಗೊತ್ತಾಯಿತು. ಪಾಸಾದವರು ಮತ್ತೆ ಸೇರುವಂತಿಲ್ಲ. ಫೇಲಾದವರು ಮತ್ತೆ ಕೂತರೆ ಅವರೂ ಲೆಕ್ಕಕ್ಕೆ ಬರುತ್ತಾರೆ ಎಂದು ಪ್ರಿನ್ಸಿಪಾಲರು ಪ್ರಾರ್ಥನೆಯ ನಂತರ ಹೇಳಿದರು.

"ಅಮ್ಮಾ, ಸ್ವಲ್ಪ ತಪ್ಪು ಬರಿ," ಎಂದಳು ಮಗಳು. "ಜಾಸ್ತಿ ಬೇಡ. ಫೇಲಾಗೋವಷ್ಟು."

"ಅದೇನು ಮಹಾ," ಎಂದಳು ಅತ್ತೆ.

ಪರೀಕ್ಷೆಯಲ್ಲಿ ಮೊದಲನೆಯದಕ್ಕೆ ಮಾತಿಗೆ ತಕ್ಕಂತೆ ತಪ್ಪೇ ಬರೆದಳು. ಬರೆದದ್ದನ್ನು ಓದಿದಳು. ಗೊತ್ತಿದ್ದೂ ಒಳ್ಳೆಯ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದ ಹಾಗಾಯಿತು. ಹೊಡೆದುಹಾಕಿ ಸರಿಯಾದದ್ದು ಬರೆದಳು. ಎರಡನೆಯದನ್ನು ತಪ್ಪು ಮಾಡಿದರಾಯಿತು ಎಂದುಕೊಂಡಳು. ಎರಡನೆಯದಕ್ಕೆ ಬಂದಾಗ ಮೂರನೆಯದನ್ನು ಎಂದುಕೊಂಡಳು. ಕೊನೆಗೆ ಎದ್ದುನಿಂತು ಹೆಚ್ಚಿನ ಹಾಳೆ ಕೇಳಿ ಪಡೆದಳು.

"ನನ್ ಕೈಲಿ ಆಗ್ಲಿಲ್ಲ," ಎಂದು ಮನೆಗೆ ಬಂದು ಹೇಳಿದಳು. ಮಗಳು ಪಾತ್ರೆಗಳನ್ನು ಕುಕ್ಕಿದಳು.

ಉತ್ತರಪತ್ರಿಕೆ ತಿದ್ದುವವನೂ ಅಳಿಯನೇ. ಬೇರೆ ಮೇಷ್ಟ್ರನ್ನು ಕರೆಸುವಷ್ಟು ದೊಡ್ಡ ಕಾಲೇಜಲ್ಲ. ಫಲಿತಾಂಶ ಹಾಕಿದ ದಿನ ಮೂವರೂ ಊಟಕ್ಕೆ ಕೂತರು.

"ಅಮ್ಮ ಅಲ್ಲಲ್ಲಿ ತಪ್ಪು ಮಾಡೇ ಇರ್ತಾಳೆ," ಎಂದಳು ಮಗಳು. "ನೀವು ಸ್ವಲ್ಪ ನೋಡ್ಬಹುದಿತ್ತು."

"ನೋಡ್ದೆ," ಎಂದ ಅಳಿಯ, ತಟ್ಟೆಯಿಂದ ತಲೆ ಎತ್ತದೆ. "ತಿರುಗಿಸಿ ತಿರುಗಿಸಿ ನೋಡ್ದೆ. ಫೇಲ್ ಮಾಡೋವಷ್ಟು ಸಿಗ್ಲಿಲ್ಲ." ನೀರು ಕುಡಿದ. "ಬೇರೆ ಮನೆ ಹುಡುಕ್ಬೇಕು."

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆಯೂ ಅಳಬೇಕಾಗಿತ್ತು. ಆದರೆ ಅವಳಿಗೆ ಸಂತೋಷವಾಗಿತ್ತು. ಮಗಳ ಸೂರು ಹೋಗುವಾಗ ಹೀಗಾಗಬಾರದು ಎಂದು ನಾಚಿಕೆಯೂ ಆಯಿತು, ಆದರೂ ಸಂತೋಷ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

"ಎಷ್ಟು ಬಂತು?" ಎಂದು ಮೆಲ್ಲಗೆ ಕೇಳಿದಳು.

"ಐವತ್ತೆಂಟು."

"ಇನ್ನೆರಡು ಹಾಕಿದ್ರೆ ಫಸ್ಟ್ ಕ್ಲಾಸು."

"ಹೌದು," ಎಂದ ಅಳಿಯ. "ಅದಕ್ಕೂ ನೋಡ್ದೆ."